ಆಸೆಯ ಮೊದಲ ತೇಪೆ

ಕಡೇಹಾಳದ ಮಾದೇವಿಗೆ ತನ್ನ ಕಾಕಾನ ಮಗಳು ಚನ್ನಮ್ಮನ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹತ್ತೊಂಬತ್ತು ವರ್ಷ ತುಂಬುವವರೆಗೆ ಮಾದೇವಿ ಇದನ್ನು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಕೊನೆಗೆ ಹೇಳಿದ್ದು ಒಂದು ಯಂತ್ರ.

ಹೇಗೆ ತಾನೆ ಹೇಳಿಯಾಳು? ಚನ್ನಮ್ಮ ತಂದೆಯಿಲ್ಲದ ಹುಡುಗಿ. ಅವಳಪ್ಪ ನಿಂಗಪ್ಪ ಮಿಲ್ಟ್ರಿಯಲ್ಲಿದ್ದ. ಹಿಮದ ರಸ್ತೆಯಲ್ಲಿ ಅವನಿದ್ದ ಟ್ರಕ್ಕು ಉರುಳಿದಾಗ ಮಗಳಿಗೆ ಆರು ವರ್ಷ. ಅವತ್ತಿನಿಂದ ಆಕೆಯೂ ಆಕೆಯ ಅವ್ವನೂ ನಿಂಗಪ್ಪನ ಅಣ್ಣ ಫಕೀರಪ್ಪನ ಮನೆಯಲ್ಲೇ ಉಳಿದರು. ಫಕೀರಪ್ಪನೇ ಮಾದೇವಿಯ ಅಪ್ಪ. ಹವಾಲ್ದಾರನಾಗಿ ನಿವೃತ್ತಿಯಾಗಿ ಬಂದವನು, ಊರಿಗೆಲ್ಲ ಅವನು ಹವಾಲ್ದಾರನೇ. ಆ ಮನೆಯಲ್ಲಿ ಹಾಲಿನ ಕೆನೆ ಯಾರ ತಾಟಿಗೆ ಬೀಳುತ್ತಿತ್ತು, ಹಬ್ಬಕ್ಕೆ ತಂದ ಎರಡು ಲಂಗದಲ್ಲಿ ಮೊದಲು ಆರಿಸಿಕೊಳ್ಳುವವರು ಯಾರು ಎಂದು ಕೇಳಲೇಬೇಡಿ. "ಪಾಪ, ಅಪ್ಪ ಇಲ್ಲದ ಕೂಸು" ಅಂದರೆ ಮುಗಿಯಿತು. ಹೆಸರಾದರೂ ಸಾಧಾರಣದ್ದೇ? ಕಿತ್ತೂರ ರಾಣಿಯ ಹೆಸರು. ಅಂಥವಳ ಬಗ್ಗೆ ಒಂದು ಮಾತು ಆಡಿದರೂ ಬಾಯಲ್ಲಿ ಹುಳ ಬೀಳುತ್ತದೆ. ಹಾಗಾಗಿ ಮಾದೇವಿ ಬಾಯಿ ಮುಚ್ಚಿಕೊಂಡು ಓಡಿದಳು.

ಮಿಲ್ಟ್ರಿ ಸೇರಲಿಕ್ಕೆಂದು ಓಡುವುದು ಕಡೇಹಾಳದವರಿಗೆ ಹೊಸದಲ್ಲ. ಬೆಳಗಾವಿ ಕಡೆಯ ಎಷ್ಟೋ ಊರುಗಳ ಹಾಗೆ ಇಲ್ಲಿಯೂ ಅಜ್ಜಂದಿರ ಕಾಲದಿಂದ ಮನೆಗೊಬ್ಬರು ಮಿಲ್ಟ್ರಿಗೆ ಹೋದವರು. ಹೋಗುವಾಗ ಒಂದು ಕಪ್ಪು ಕಬ್ಬಿಣದ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಹೆಸರು. ನಿವೃತ್ತರಾಗಿ ಬಂದ ಮೇಲೆ ಅದೇ ಟ್ರಂಕು ಪಡಸಾಲೆಯಲ್ಲಿ ಕೂರುತ್ತದೆ, ಬಂದ ಬೀಗರು ಅದರ ಮೇಲೆ ಕೂರುತ್ತಾರೆ. ಆದರೆ ಈಗ ಗಡಿಯಲ್ಲಿ ಕಾವಲು ಕಾಯುವುದು ಬಹುಪಾಲು ಯಂತ್ರಗಳು. ಆ ಯಂತ್ರಗಳ ಜೊತೆ ಇದ್ದು ಅವುಗಳನ್ನು ನಡೆಸುವ ಮನುಷ್ಯರು ಸ್ವಲ್ಪವೇ ಸಾಕು. ಹಿಂದೆ ತಾಲೂಕಿಗೆ ನಲವತ್ತು ಮಂದಿ ಭರ್ತಿಯಾಗುತ್ತಿದ್ದಲ್ಲಿ ಈಗ ನಾಲ್ಕೋ ಐದೋ. ಹುಡುಗ ಹುಡುಗಿ ಅನ್ನುವ ಭೇದ ಮಾತ್ರ ಉಳಿದಿಲ್ಲ.

ಫಕೀರಪ್ಪ ದಿನಾ ನಸುಕಿನಲ್ಲಿ ಕೆನಾಲಿನ ದಂಡೆಯ ಮೇಲೆ ಊರ ಮಕ್ಕಳನ್ನು ಓಡಿಸುತ್ತಿದ್ದ. ಅವನದೊಂದು ಪದ್ಧತಿ: ಇಬ್ಬಿಬ್ಬರ ಜೋಡಿ. ಚುರುಕಾದವರು ಮುಂದೆ, ನಿಧಾನದವರು ಹಿಂದೆ. ಹಿಂದಿನವರು ಆಕಡೆ ಈಕಡೆ ನೋಡುವ ಹಾಗಿಲ್ಲ, ಮುಂದಿನವರ ಹಿಮ್ಮಡವನ್ನೇ ನೋಡಬೇಕು. ಮಾದೇವಿ ನಾಲ್ಕು ವರ್ಷ ಚನ್ನಮ್ಮನ ಹಿಮ್ಮಡ ನೋಡಿದಳು. ಎಡ ಹಿಮ್ಮಡದ ಮೇಲೊಂದು ಕರೀ ಮಚ್ಚೆಯಿತ್ತು. ತನ್ನ ಅಂಗೈ ಗೆರೆಗಿಂತ ಆ ಮಚ್ಚೆಯೇ ಮಾದೇವಿಗೆ ಹೆಚ್ಚು ಗೊತ್ತು. ಒಂದು ಮೈಲಿಗೆ ಚನ್ನಮ್ಮ ಆರು ನಿಮಿಷ ಇಪ್ಪತ್ತು ಸೆಕೆಂಡು, ಮಾದೇವಿ ಆರು ನಿಮಿಷ ಇಪ್ಪತ್ನಾಲ್ಕು. ಸತ್ತರೂ ಆ ನಾಲ್ಕು ಸೆಕೆಂಡು ಕರಗಲಿಲ್ಲ.

ಆದರೂ ಇಬ್ಬರೂ ಓಟದಲ್ಲಿ ಪಾಸಾದರು, ದೇಹದ ಪರೀಕ್ಷೆಯಲ್ಲೂ ಪಾಸಾದರು. ಉಳಿದದ್ದು ಕುಲಾಯಿ.

ಕೂಸಿನ ತಲೆಗೆ ಕಟ್ಟುವ ಕುಲಾಯಿಯ ಹಾಗೆ ಕಿವಿ ಮುಚ್ಚುವ ಟೋಪಿ ಅದು, ಒಳಗೆಲ್ಲ ಕೂದಲಿಗಿಂತ ಸಣ್ಣ ತಂತಿ. ಅದಕ್ಕೊಂದು ದೊಡ್ಡ ಇಂಗ್ಲಿಷ್ ಹೆಸರಿತ್ತು, ಯಾರೂ ಅದನ್ನು ಅನ್ನುತ್ತಿರಲಿಲ್ಲ. ಸೈನ್ಯಕ್ಕೆ ಬೇಕಾದದ್ದು ಇಷ್ಟೇ: ಈ ಹುಡುಗ ಅಥವಾ ಹುಡುಗಿ ಸೇರುತ್ತೇನೆ ಅನ್ನುತ್ತಿದ್ದಾರಲ್ಲ, ಆ ಆಸೆ ಎಲ್ಲಿಂದ ಬಂತು? ತರಬೇತಿ ನಾಲ್ಕು ವರ್ಷದ್ದು. ಬೇರೆಯವರ ಆಸೆಯನ್ನು ಹೊತ್ತುಕೊಂಡು ಬಂದವರು ಮೂರನೇ ವರ್ಷಕ್ಕೆ ಕುಸಿದು ಕೂರುತ್ತಿದ್ದರು. ಅದಕ್ಕೇ ಈ ಪರೀಕ್ಷೆ.

ಬೆಳಗಾವಿಯ ಭರ್ತಿ ಕೇಂದ್ರದ ತಣ್ಣಗಿನ ಕೋಣೆಯಲ್ಲಿ ಡಾಕ್ಟರ್ ಫರ್ಹಾನಾ ಸೌದಾಗರ ಮಾದೇವಿಯನ್ನು ಕುರ್ಚಿಯಲ್ಲಿ ಕೂರಿಸಿ ತಲೆಗೆ ಕುಲಾಯಿ ಕಟ್ಟಿದರು. ನಲವತ್ತರ ಹೆಂಗಸು, ದನಿ ಮೆತ್ತಗಿತ್ತು.

"ನಿಮ್ಮ ಮನ್ಯಾಗ ಕೌದಿ ಹೊಲೀತಾರೇನು?"

"ಹೂಂ ರೀ. ನಮ್ಮವ್ವ ಹೊಲೀತಾಳ."

"ಹಂಗಾರ ತಿಳೀತದ. ಆಸೆ ಅಂದ್ರ ಒಂದು ಕೌದಿ. ನೆನೆಸಿಕೊಂಡಾಗೊಮ್ಮೆ ನಮ್ಮ ಮೆದುಳು ಅದಕ್ಕೊಂದು ತೇಪೆ ಹಚ್ಚತದ. ದೇಶ, ಪಗಾರ, ಡ್ರೆಸ್ಸು, ಎಲ್ಲಾ ಆಮ್ಯಾಲಿನ ತೇಪೆ. ಈ ಯಂತ್ರ ದಾರ ಹಿಡಕೊಂಡು ಹಿಂದ ಹಿಂದ ಹೋಗಿ ಮೊದಲನೇ ತೇಪೆ ಎಲ್ಲಿ ಅದ ಅಂತ ನೋಡತದ. ನೀ ಬಾಯಿಲೆ ಏನೂ ಹೇಳಬ್ಯಾಡ. ಯಾಕ ಮಿಲ್ಟ್ರಿಗೆ ಹೋಗಬೇಕು ಅಂತ ಮನಸಿನ್ಯಾಗ ಕೇಳಕೋತ ಇರು, ಸಾಕು."

ಮಾದೇವಿ ಕಣ್ಣು ಮುಚ್ಚಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಸುಣ್ಣದ ಪುಡಿಯ ವಾಸನೆ ಬಂತು. ಶಾಲೆಯ ಮೈದಾನ, ಓಟದ ಬಿಳಿ ಗೆರೆಗಳು. ಅವಳಿಗೆ ಹನ್ನೆರಡು ವರ್ಷ. ಚನ್ನಮ್ಮ ಮೊದಲು ಬಂದಿದ್ದಾಳೆ, ತಾನು ಅವಳ ಬೆನ್ನಿಗೇ ಎರಡನೆಯವಳಾಗಿ ಬಂದು ಏದುಸಿರು ಬಿಡುತ್ತಿದ್ದಾಳೆ. ರಜೆಗೆ ಬಂದ ಅಪ್ಪ ಯೂನಿಫಾರ್ಮಿನಲ್ಲೇ ಮೈದಾನ ದಾಟಿ ಬರುತ್ತಿದ್ದಾನೆ, ಎರಡೂ ಕೈ ಅಗಲಿಸಿದ್ದಾನೆ. ಮಾದೇವಿಯೂ ಕೈ ಎತ್ತಿದಳು. ಅಪ್ಪ ಅವಳ ಪಕ್ಕದಿಂದ ಹಾದು ಹೋದ. ಚನ್ನಮ್ಮನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಊರೆಲ್ಲ ಚಪ್ಪಾಳೆ ತಟ್ಟಿತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮಾದೇವಿ ಅದರಿಂದ ತಲೆ ಕೆರೆದುಕೊಂಡಳು. ಅವತ್ತು ಸಂಜೆ ಊಟಕ್ಕೆ ಕೂತಾಗ ಅವಳು ಮನೆಮಂದಿಯ ಮುಂದೆ, "ನಾನೂ ಮಿಲ್ಟ್ರಿಗೆ ಹೋಗ್ತೀನಿ" ಅಂದಿದ್ದಳು. ಅದು ನಿನ್ನೆ ಮೊನ್ನೆಯದರಷ್ಟೇ ಸ್ಪಷ್ಟವಾಗಿತ್ತು.

ಕುಲಾಯಿ ಬಿಚ್ಚಿದಾಗ ಅವಳ ಮುಖ ಒದ್ದೆಯಾಗಿತ್ತು. ಡಾಕ್ಟರು ಚೀಟಿ ಕೊಟ್ಟರು. ಅದರಲ್ಲಿ ಎರಡೇ ಸಾಲು. ನೂರಕ್ಕೆ ತೊಂಬತ್ತೊಂದು ಪಾಲು ಮತ್ತೊಬ್ಬ ವ್ಯಕ್ತಿಗೆ ಹೆಣೆದುಕೊಂಡದ್ದು. ಒಂಬತ್ತು ಪಾಲು ಯಾರಿಗೂ ಹೆಣೆದುಕೊಳ್ಳದ್ದು.

"ನಾ ಫೇಲ್ ಆದೆನ್ರೀ ಮೇಡಂ?"

"ಇದರಾಗ ಫೇಲ್ ಅನ್ನೂದಿಲ್ಲ. ಯಂತ್ರ ಬರೇ ತೋರಸ್ತದ. ತೀರ್ಮಾನ ನಿಂದು. ಒಂಬತ್ತು ದಿನ ಟೈಮ್ ಅದ. ಬಂದು ಸಹಿ ಮಾಡಿದ್ರ ಅವತ್ತ ಬಸ್ ಹತ್ತೂದು."

"ಮತ್ತೊಮ್ಮೆ ಹಾಕಿ ನೋಡ್ರೆಲ್ಲ. ಬ್ಯಾರೆ ಬರಬಹುದು."

"ಆಗೂದಿಲ್ಲವ್ವ. ಒಮ್ಮೆ ನೋಡಿದ ತೇಪೆ ಮೊದಲಿನಂಗ ಇರೂದಿಲ್ಲ. ನೀ ನೋಡಿದ್ದ ಅದಕ್ಕ ಹೊಸಾ ಹೊಲಿಗಿ."

ಹೊರಗೆ ಬೆಂಚಿನ ಮೇಲೆ ಚನ್ನಮ್ಮ ಕೂತಿದ್ದಳು. ಅವಳ ಪರೀಕ್ಷೆ ಮೊದಲೇ ಮುಗಿದಿತ್ತು, ಕೈಯಲ್ಲಿ ಮಡಚಿದ ಚೀಟಿ, ಮುಖದಲ್ಲಿ ಒಂದಿಷ್ಟೂ ಗಾಬರಿಯಿಲ್ಲ. ಗೋಡೆಗೊರಗಿ ಬಾಳೆಹಣ್ಣು ತಿನ್ನುತ್ತಿದ್ದಳು. ಆ ಬಾಳೆಹಣ್ಣಿನ ಮೇಲೂ ಮಾದೇವಿಗೆ ಸಿಟ್ಟು ಬಂತು. ಇವಳದು ನೂರಕ್ಕೆ ನೂರು ಸ್ವಂತದ ಆಸೆಯೇ ಇರಬೇಕು, ಹುಟ್ಟುತ್ತಲೇ ತಂದಿರಬೇಕು ಎಂದುಕೊಂಡಳು. ಚೀಟಿಯನ್ನು ಹರಿಯೋಣವೆಂದರೆ ಅದು ಹರಿಯದ ಕಾಗದ. ಮಡಚಿ ಕುಬಸದೊಳಗೆ ತುರುಕಿಕೊಂಡಳು.

ಮನೆಗೆ ಬಂದು ಮಾದೇವಿ ಮೂರು ದಿನ ಯಾರೊಡನೆಯೂ ನೆಟ್ಟಗೆ ಮಾತಾಡಲಿಲ್ಲ. ನಾಲ್ಕನೇ ದಿನ ಅವ್ವ ಶಿವಕ್ಕ ರೊಟ್ಟಿ ಬಡಿಯುತ್ತಾ ಕೂತಿದ್ದಾಗ ಮಾದೇವಿ ಒಲೆಗೆ ಕಟ್ಟಿಗೆ ದೂಡುತ್ತಿದ್ದಳು. ಪಡಸಾಲೆಯಲ್ಲಿ ಅಪ್ಪ ಮತ್ತು ಚನ್ನಮ್ಮ ಏನೋ ಹೇಳಿಕೊಂಡು ನಗುತ್ತಿದ್ದರು.

"ಕಟ್ಟಿಗಿ ಯಾಕ ದೂಡಾಕತ್ತಿ?" ಅಂದಳು ಶಿವಕ್ಕ. "ನಿನ್ನ ಹೊಟ್ಟ್ಯಾಗಿನ ಕಿಚ್ಚಿನ ಮ್ಯಾಲ ಹಂಚು ಇಟ್ರ ಎರಡು ಬುಟ್ಟಿ ರೊಟ್ಟಿ ಬೇಯ್ತಾವು."

ಮಾದೇವಿ ಬೆಚ್ಚಿದಳು. "ಏನವ್ವಾ ಹಂಗಂದ್ರ?"

"ಹೆತ್ತಾಕಿಗೆ ಯಾವ ಯಂತ್ರಾನೂ ಬ್ಯಾಡ. ಮಿಲ್ಟ್ರಿಗೆ ಹೋಗೂದು ನಿನಗ ಖರೇನ ಬೇಕಾಗಿದ್ರ ಹೋಗು. ಅಕಿ ಹೊಂಟಾಳ ಅಂತ ಹೋಗಬ್ಯಾಡ. ಅಲ್ಲೂ ಅಕಿ ಹಿಮ್ಮಡಾನ ನೋಡ್ತೀ."

"ಹೋಗಲಿಲ್ಲಂದ್ರ? ಹವಾಲ್ದಾರನ ಮಗಳು ಹೆದರಿ ಉಳಿದ್ಲು, ತಮ್ಮನ ಮಗಳು ಹೋದ್ಲು ಅಂತ ಊರಾಗ ಆಡ್ಕೊಳ್ಳೂದಿಲ್ಲೇನು? ಅಪ್ಪ ಅಕಿ ಫೋಟೋ ಪಡಸಾಲ್ಯಾಗ ಹಾಕ್ತಾನ. ನಾ ದಿನಾ ಆ ಫೋಟೋದ ಧೂಳ ಒರಸಬೇಕೇನು?"

ಶಿವಕ್ಕ ರೊಟ್ಟಿ ತಿರುವಿ ಹಾಕಿದಳು.

ಹೀಗೆ ಮಾದೇವಿ ಎರಡರ ನಡುವೆ ಸಿಕ್ಕಿಕೊಂಡಳು. ಹೋದರೆ ಮೂರನೇ ವರ್ಷಕ್ಕೆ ಕುಸಿದು ವಾಪಸು ಬರುವ ಮುಖಭಂಗ. ಹೋಗದಿದ್ದರೆ ಚನ್ನಮ್ಮನಿಗೆ ಅಪ್ಪನನ್ನು ಪೂರ್ತಿ ಬಿಟ್ಟುಕೊಟ್ಟ ಹಾಗೆ. ಮಾರನೇ ಬೆಳಿಗ್ಗೆ ಅವಳು ಒಬ್ಬಳೇ ಕೆನಾಲಿಗೆ ಹೋದಳು. ಮುಂದೆ ಹಿಮ್ಮಡವಿಲ್ಲದೆ ಓಡಿ ನೋಡಿದಳು. ಕಾಲು ಏಳಲೇ ಇಲ್ಲ. ಏಳು ನಿಮಿಷ ಹಿಡಿಯಿತು. ಆದರೆ ಅರ್ಧ ದಾರಿಯಲ್ಲಿ ಒಂದು ಕೊಕ್ಕರೆ ನೀರಿನಿಂದ ಎದ್ದು ಅವಳ ಜೊತೆಗೇ ಸ್ವಲ್ಪ ದೂರ ಹಾರಿತು, ಅದನ್ನು ಅವಳು ನೋಡಿದಳು. ನಾಲ್ಕು ವರ್ಷದಲ್ಲಿ ಆ ಕೆನಾಲಿನ ಮೇಲೆ ಹಕ್ಕಿ ಇರುತ್ತದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಆ ಒಂಬತ್ತು ಪಾಲು ಇದೇ ಏನೋ ಅನ್ನಿಸಿತು. ಇರಲಿಕ್ಕಿಲ್ಲ ಅಂತಲೂ ಅನ್ನಿಸಿತು.

ಎಂಟನೇ ದಿನ ಮಧ್ಯಾಹ್ನ ಪೇಂಟರ್ ಬಂದ. ಕಡೇಹಾಳದಲ್ಲಿ ಸಹಿ ಆಗುವ ಮೊದಲೇ ಟ್ರಂಕಿಗೆ ಹೆಸರು ಬರೆಸುತ್ತಾರೆ. ಬರೆಸಿದ ಮೇಲೆ ಹಿಂದೆ ಸರಿದವರು ಈವರೆಗೆ ಇಲ್ಲ. ಪಡಸಾಲೆಯಲ್ಲಿ ಎರಡು ಟ್ರಂಕು ಇದ್ದವು. ಒಂದು ಪೇಟೆಯಿಂದ ತಂದ ಹೊಚ್ಚ ಹೊಸದು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಫಕೀರಪ್ಪನದೇ ಹಳೆಯದು. ಮೂಲೆಗಳು ಜಜ್ಜಿಹೋಗಿ, ಇಪ್ಪತ್ತೆರಡು ವರ್ಷ ಎಷ್ಟೋ ರೈಲು ಹತ್ತಿ ಇಳಿದು ಬಂದದ್ದು. ಅದರ ಮೇಲಿದ್ದ ಅವನ ಹೆಸರನ್ನು ಕೆರೆದು ಪೇಂಟರ್ ಆಗಲೇ ಬರೆದಾಗಿತ್ತು: ಚನ್ನಮ್ಮ ನಿಂಗಪ್ಪ. ಹೊಸದರ ಮೇಲೆ ಮಾದೇವಿಯ ಹೆಸರು ಇನ್ನೂ ಹಸಿಯಾಗಿತ್ತು.

ಹಿತ್ತಲಿಂದ ಬಂದ ಮಾದೇವಿ ಅದನ್ನು ನೋಡಿ ನಿಂತಲ್ಲೇ ನಿಂತಳು. ಅವಳು ಸಣ್ಣವಳಿದ್ದಾಗ, ಅಪ್ಪ ರಜೆಗೆ ಬಂದಾಗಲೆಲ್ಲ ಆ ಹಳೆಯ ಟ್ರಂಕಿನ ಮೇಲೆಯೇ ಮಲಗಿ ನಿದ್ದೆ ಹೋಗುತ್ತಿದ್ದಳು. ಪೇಂಟರ್ ಬ್ರಷ್ ತೊಳೆಯಲಿಕ್ಕೆ ಹೊರಗೆ ಹೋದ ಮೇಲೆ ಅವಳು ಕುಬಸದಿಂದ ಚೀಟಿ ತೆಗೆದು ಅಪ್ಪನ ಮುಂದೆ ಇಟ್ಟಳು.

"ಇದನ್ನ ಓದು. ತೊಂಬತ್ತೊಂದು ಪಾಲು ಚನ್ನಿದು. ನನ್ನ ಆಸೆ ಅಂದ್ರ ಅಕಿ ಮ್ಯಾಲಿನ ಹೊಟ್ಟೆಕಿಚ್ಚು, ಅಷ್ಟ. ಶಾಲಿ ಓಟದಾಗ ನೀ ಅಕಿನ್ನ ಹೆಗಲ ಮ್ಯಾಲ ಹೊತ್ತುಕೊಂಡೆಲ್ಲ, ಅವತ್ತಿಂದ ಸುರು."

ಫಕೀರಪ್ಪ ಚೀಟಿಯನ್ನು ಎರಡು ಸಲ ಓದಿದ. "ಯಾವ ಓಟ?"

"ಏಳನೇ ಇಯತ್ತೆದು. ಅಕಿ ಮೊದಲನೇದಾಕಿ ಬಂದ್ಲು."

"ಹಾಂ, ಆ ಓಟ. ಅವತ್ತ ನೀನೂ ಓಡಿದ್ದೇನು?"

ಮಾದೇವಿ ಅಪ್ಪನ ಮುಖವನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

"ಎರಡನೇದಾಕಿ ನಾನ ಬಂದಿದ್ದೆ, ಅಪ್ಪಾ. ನಾನೂ ಕೈ ಎತ್ತಿದ್ದೆ."

ಫಕೀರಪ್ಪ ಚೀಟಿಯನ್ನು ಮಡಚಿದ. ಕೂರಲಿಕ್ಕೆಂದು ಹೊಸ ಟ್ರಂಕಿನ ಕಡೆ ಹೋದವನು ಬಣ್ಣ ಹಸಿಯಿದ್ದದ್ದು ನೋಡಿ ನೆಲದ ಮೇಲೆಯೇ ಕೂತ.

"ನಿಂಗಪ್ಪ ಇದ್ದಿದ್ರ ಅವನು ಎತ್ತತಿದ್ದ," ಅಂದ. "ಅಕಿನ್ನ ಎತ್ತಾಕ ಯಾರೂ ಇಲ್ಲ ಅಂತ ನಾ ಎತ್ತಿದೆ. ನೀ ನನ್ನ ಸ್ವಂತ ಮಗಳು. ನಿನ್ನ ಯಾವಾಗ ಬೇಕಾದ್ರೂ ಎತ್ತಬಹುದು ಅಂದ್ಕೊಂಡಿದ್ದೆ."

"ಎತ್ತಲಿಲ್ಲಲ್ಲ."

"ಇಲ್ಲ. ಎತ್ತಲಿಲ್ಲ."

"ಮತ್ತ ಈ ಟ್ರಂಕು? ನಿಂದು ಅಕಿಗೆ ಯಾಕ ಕೊಟ್ಟಿ?"

ಈಗ ಫಕೀರಪ್ಪನೇ ಬೆರಗಾದ. "ಹಳೇದು, ಕೊಂಡಿ ಮುರದೈತಿ. ಎರಡು ಹೊಸಾದು ತರಬೇಕಂದ್ರ ಅಂಗಡ್ಯಾಗ ಒಂದ ಉಳಿದಿತ್ತು. ಮಗಳಿಗೆ ಹಳೇದು ಹೆಂಗ ಕೊಡ್ಲಿ ಅಂತ ನಿನಗ ಹೊಸಾದು ತಂದೆ. ತಮ್ಮನ ಮಗಳಿಗೆ ಹಳೇದು ಕೊಟ್ನೆಲ್ಲ ಅಂತ ನಿನ್ನೆಯಿಂದ ಜೀವ ಚುಟುಚುಟು ಅನ್ನಾಕತ್ತೈತಿ ನನಗ."

ಮಾದೇವಿಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಇಷ್ಟು ವರ್ಷದ ಕೆನೆ, ಲಂಗ, ಹೆಗಲು ಎಲ್ಲವನ್ನೂ ಅವಳು ಮನಸ್ಸಿನಲ್ಲೇ ಮತ್ತೊಮ್ಮೆ ತಿರುವಿ ನೋಡಿದಳು. ಅವುಗಳಲ್ಲಿ ಎಷ್ಟನ್ನು ತಾನು ತಲೆಕೆಳಗಾಗಿ ಓದಿದ್ದೆನೋ ಅನ್ನಿಸಿತು. ಎಲ್ಲವನ್ನೂ ಅಲ್ಲ. ಓಟದ ದಿನ ಅಪ್ಪ ತನ್ನನ್ನು ನೋಡಿರಲಿಲ್ಲ, ಅದು ಹಾಗೇ ಇತ್ತು.

"ನಾಳೆ ಏನು ಮಾಡ್ತೀ?" ಅಂದ ಫಕೀರಪ್ಪ.

"ಗೊತ್ತಿಲ್ಲ."

"ಹೆಸರು ಬರೆಸಿ ಆಗೇತಿ ಅಂತ ಹೋಗಬ್ಯಾಡ," ಎಂದು ಹೇಳಿ ಅವನು ಎದ್ದು ಹೊರಗೆ ಹೋದ. ಕಡೇಹಾಳದ ಹವಾಲ್ದಾರ ಅಂಥ ಮಾತನ್ನು ಆಡಿದ್ದು ಅದೇ ಮೊದಲು.

ಒಂಬತ್ತನೇ ದಿನ ಬೆಳಿಗ್ಗೆ ಟೆಂಪೋದಲ್ಲಿ ಎರಡೂ ಟ್ರಂಕು ಹೇರಿಕೊಂಡು ಫಕೀರಪ್ಪನೂ ಹುಡುಗಿಯರಿಬ್ಬರೂ ಬೆಳಗಾವಿಗೆ ಹೋದರು. ಕೇಂದ್ರದ ಅಂಗಳದಲ್ಲಿ ಬಸ್ಸು ನಿಂತಿತ್ತು. ಸಹಿಯ ಕೋಣೆಯ ಮುಂದೆ ಸಾಲು. ಅಪ್ಪ ಹೊರಗೆ ಟ್ರಂಕುಗಳ ಹತ್ತಿರ ಉಳಿದ, ಇವರಿಬ್ಬರು ಸಾಲಿನಲ್ಲಿ ನಿಂತರು. ಎಂದಿನಂತೆ ಚನ್ನಮ್ಮ ಮುಂದೆ, ಮಾದೇವಿ ಹಿಂದೆ. ಅವಳ ಜಡೆಯನ್ನು ನೋಡುತ್ತಾ ನೋಡುತ್ತಾ ಮಾದೇವಿಗೆ ಇನ್ನು ತಡೆಯಲಾಗಲಿಲ್ಲ.

"ಚನ್ನೀ, ನನಗ ನಿನ್ನ ಮ್ಯಾಲ ಹೊಟ್ಟೆಕಿಚ್ಚೈತಿ. ಹನ್ನೆರಡು ವರ್ಷದಾಕಿ ಇದ್ದಾಗಿಂದ."

ಚನ್ನಮ್ಮ ಹಿಂತಿರುಗಲಿಲ್ಲ. "ಗೊತ್ತು."

"ಗೊತ್ತಾ?"

"ನಾಲ್ಕು ವರ್ಷ ಹಿಂದಿನಿಂದ ನಿನ್ನ ಹೆಜ್ಜಿ ಸಪ್ಪಳ ಕೇಳೀನಿ. ಸುಮ್ನ ಓಡೋರ ಸಪ್ಪಳ ಹಂಗ ಇರೂದಿಲ್ಲ. ಅದನ್ನ ಕೇಳೇ ನಾ ಅಷ್ಟು ಜೋರ ಓಡ್ತಿದ್ದೆ, ಅಂಜಿ."

"ನೀ ಯಾಕ ಅಂಜಬೇಕು? ಗೆಲ್ಲಾಕಿ ನೀನ."

ಆಗ ಚನ್ನಮ್ಮ ತಿರುಗಿದಳು. "ನೀ ಸೋತ್ರೂ ದೊಡ್ಡಪ್ಪನ ಮಗಳ. ನಾ ಸೋತ್ರ ಅವನಿಗೆ ಏನಾಗಬೇಕು ಹೇಳು? ತಮ್ಮನ ಮಗಳು, ಮನ್ಯಾಗ ಇಟ್ಕೊಂಡಾನ, ಅಷ್ಟ. ಗೆದ್ದಷ್ಟು ದಿನ ನಾ ಬೇಕಾದಾಕಿ. ಒಂದು ದಿನಾನೂ ಹಿಂದ ಬೀಳೂಹಂಗ ಇರಲಿಲ್ಲ ನನಗ."

ಸಾಲು ಎರಡು ಹೆಜ್ಜೆ ಮುಂದೆ ಹೋಯಿತು.

"ನಿನ್ನ ಚೀಟ್ಯಾಗ ಏನು ಬಂತು?" ಅಂತ ಮಾದೇವಿ ಕೇಳಿದಳು.

"ನೂರಕ್ಕ ಅರವತ್ತು ನಂದು ಸ್ವಂತದ್ದು. ಆ ಯಂತ್ರಗಳ ಜೋಡಿ ಕೆಲಸ ಮಾಡೂದು ನನಗ ಖರೇನ ಬೇಕು. ಉಳಿದ ನಲವತ್ತು ದೊಡ್ಡಪ್ಪಂದು. ಅರವತ್ತು ಸಾಕು ಅನಸ್ತು."

ನೋಡಿ ಹೇಗಿದೆ! ಇಷ್ಟೆಲ್ಲ ಕೇಳಿದ ಮೇಲೂ ಆ ಅರವತ್ತರ ಮೇಲೆ ಮಾದೇವಿಯ ಹೊಟ್ಟೆ ಚುರುಕ್ಕೆಂದಿತು. ಹೊಟ್ಟೆಕಿಚ್ಚು ಒಂದು ಮಾತಿಗೆ ಆರುವಂಥದ್ದಲ್ಲ. ಆದರೆ ಆ ಉರಿಯ ಪಕ್ಕದಲ್ಲೇ ಕೂತು ಲೆಕ್ಕ ಹಾಕಲಿಕ್ಕೆ ಅವಳಿಗೆ ಈಗ ಬರುತ್ತಿತ್ತು. ತನಗೆ ಬೇಕಾದದ್ದು ಅಪ್ಪನ ಹೆಗಲು. ಅದು ಈ ಬಸ್ಸು ಹೋಗುವ ಕಡೆ ಇಲ್ಲ. ಅಷ್ಟು ಅವಳಿಗೆ ಸ್ಪಷ್ಟವಾಯಿತು.

ಒಳಗೆ ಮೇಜಿನ ಹಿಂದೆ ಡಾಕ್ಟರ್ ಫರ್ಹಾನಾ ಕೂತಿದ್ದರು. ಚನ್ನಮ್ಮ ಸಹಿ ಮಾಡಿ ಪಕ್ಕಕ್ಕೆ ಸರಿದಳು. ಡಾಕ್ಟರು ಕಾಗದವನ್ನು ಮಾದೇವಿಯ ಮುಂದೆ ತಳ್ಳಿದರು. ಅದರಲ್ಲಿ ಎರಡು ಚೌಕ: ಒಪ್ಪಿದ್ದೇನೆ, ಒಪ್ಪಿಲ್ಲ.

"ಮೇಡಂ, ವಯಸ್ಸು ಎಲ್ಲಿತನಕ ನಡೀತದ?"

"ಇಪ್ಪತ್ತೊಂದು."

"ಹಂಗಾರ ಇನ್ನೂ ಎರಡು ಭರ್ತಿ ಅದಾವು. ಆ ಒಂಬತ್ತು ಪಾಲು ಏನದ ನೋಡಬೇಕ್ರಿ ನಾ. ಮುಂದ ಯಾರೂ ಇಲ್ಲದ ಓಡಿದಾಗಲೂ ಬೇಕನಿಸಿದ್ರ ಬರ್ತೀನಿ."

"ಬರಲಿಲ್ಲಂದ್ರ?"

"ಬರೂದಿಲ್ಲ."

ಅವಳು ಎರಡನೇ ಚೌಕದಲ್ಲಿ ಗುರುತು ಹಾಕಿದಳು. ಊರಲ್ಲಿ ಏನೇನು ಅನ್ನುತ್ತಾರೋ ಅದೆಲ್ಲ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು. ಹೆಸರು ಬರೆಸಿದ ಟ್ರಂಕಿನ ಜೊತೆ ವಾಪಸು ಬಂದವಳು ಕಡೇಹಾಳದಲ್ಲಿ ಅವಳೊಬ್ಬಳೇ ಆಗುತ್ತಾಳೆ. ಆಗಲಿ ಎಂದು ಪೆನ್ನು ಕೆಳಗಿಟ್ಟಳು.

ಅಂಗಳಕ್ಕೆ ಬಂದು ಅಪ್ಪನಿಗೆ ಹೇಳಿದಳು. ಫಕೀರಪ್ಪ ತಲೆಯಾಡಿಸಿದ, ಬೈಯಲಿಲ್ಲ. ಜಜ್ಜಿದ ಟ್ರಂಕನ್ನು ತಾನೇ ಎತ್ತಿ ಬಸ್ಸಿನ ಡಿಕ್ಕಿಯಲ್ಲಿಟ್ಟ. ಚನ್ನಮ್ಮ ಅವನ ಕಾಲು ಮುಟ್ಟಿದಳು. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತಳು. ಫಕೀರಪ್ಪ ಬಂದು ಮಾದೇವಿಯ ಪಕ್ಕದಲ್ಲಿ ನಿಂತ. ಎಂದೂ ಅವಳ ಹೆಗಲ ಮೇಲೆ ಕೈ ಹಾಕದವನು, ಇವತ್ತು ಯಾಕೋ ಮಗಳ ಹೆಗಲ ಮೇಲೆ ಕೈ ಇಟ್ಟ. ಆ ಕೈ ಭಾರವಾಗಿತ್ತು, ಬಿಸಿಯಾಗಿತ್ತು.

ಬಸ್ಸು ಚಾಲೂ ಆಯಿತು. ಚನ್ನಮ್ಮ ಕಿಟಕಿಯಿಂದ ಇವರಿಬ್ಬರನ್ನೂ ನೋಡಿದಳು. ಮೊದಲು ದೊಡ್ಡಪ್ಪನ ಮುಖ ನೋಡಿದಳು. ಆಮೇಲೆ ಅವನ ಕೈ ಎಲ್ಲಿದೆ ಎಂದು ನೋಡಿದಳು, ಅಲ್ಲಿಯೇ ಅವಳ ಕಣ್ಣು ನಿಂತಿತು. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಆ ನೋಟ ಮಾದೇವಿಗೆ ಚೆನ್ನಾಗಿ ಗೊತ್ತಿತ್ತು. ಏಳು ವರ್ಷ ದಿನಾ ತಲೆ ಬಾಚಿಕೊಳ್ಳುವಾಗ ಅದನ್ನು ಕನ್ನಡಿಯಲ್ಲಿ ನೋಡಿದ್ದಳು. ಕೊನೆಗೂ ಚನ್ನಮ್ಮ ತನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಾಳೆ. ಮಾದೇವಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು, ಬಹಳ ಖುಷಿಯಾಯಿತು. ಆ ಖುಷಿ ಒಂದು ಉಸಿರಿನಷ್ಟು ಹೊತ್ತು ಇತ್ತು.

ಇನ್ನು ಇಡೀ ಜನ್ಮ ಅಪ್ಪ ತನ್ನ ಜೊತೆ ಇರುತ್ತಾನೆ. ಚನ್ನಮ್ಮನಿಗೆ ಈ ಬಸ್ಸು ತಿರುವು ದಾಟುವವರೆಗೆ ಮಾತ್ರ. ಮಾದೇವಿ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟು ಅಪ್ಪನ ಪಕ್ಕದಿಂದ ಎರಡು ಹೆಜ್ಜೆ ಸರಿದು ನಿಂತಳು. ಫಕೀರಪ್ಪ ಒಬ್ಬನೇ ಮುಂದೆ ಹೋಗಿ, ಬಸ್ಸು ಕಾಣದಾಗುವವರೆಗೆ ಎರಡೂ ಕೈ ಎತ್ತಿ ಬೀಸಿದ.